ಸಾಕ್ಷಿ ಹೇಳಲು ಯಾರನ್ನೂ ಎಬ್ಬಿಸಬೇಡಿ

ಸಭೆಯ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರಿಗೆ ನಿಮ್ಮ ಅನುಭವ ಬರೆದುಕೊಡಿ ಎಂದು ಈಗಿನ ಪಾದ್ರಿ ಅಯ್ಯನವರು ಕೇಳಿದರು. ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆದರೆ ಮುಲಾಜಿಲ್ಲದೆ ಬರೆಯುತ್ತೇನೆ, ಕಾಗುಣಿತ ಬೇಕಾದರೆ ತಿದ್ದಿ, ಮಾತು ತಿದ್ದಬೇಡಿ ಎಂದೆ. ಒಪ್ಪಿದ್ದಾರೆ. ಆಮೇಲೆ ಬೇಜಾರು ಮಾಡಿಕೊಂಡರೆ ನಾನು ಜವಾಬ್ದಾರಳಲ್ಲ.

ನನ್ನ ಕೆಲಸಕ್ಕೆ ಬೈಬಲ್ ವುಮನ್ ಎಂದು ಹೆಸರು. ಜನರ ಬಾಯಲ್ಲಿ ಬೈಬಲಮ್ಮ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಅಲ್ಲೊಂದು ಇಲ್ಲೊಂದು ಇದ್ದ ನಮ್ಮ ಕ್ರೈಸ್ತ ಮನೆಗಳಿಗೆ ಹೋಗುವುದು, ಹೆಂಗಸರ ಜೊತೆ ಕೂತು ವಾಕ್ಯ ಓದುವುದು, ಪ್ರಾರ್ಥನೆ ಮಾಡುವುದು, ಬಾಣಂತಿಯರನ್ನೂ ಕಾಯಿಲೆಯವರನ್ನೂ ನೋಡಿ ಬರುವುದು. ಅರವತ್ತರ ದಶಕದ ಮಾತು. ಶರಾವತಿಗೆ ಅಣೆಕಟ್ಟು ಕಟ್ಟುತ್ತಿದ್ದ ಕಾಲ. ಅದರ ಕೆಲಸಕ್ಕೆ ಎಲ್ಲೆಲ್ಲಿಂದಲೋ ಬಂದವರಲ್ಲಿ ನಮ್ಮವರೂ ಇದ್ದರು. ಸಾಮಿಲ್ಲಿನ ಹಿಂದೆ ಒಂದು ಮನೆ, ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ ಒಂದು, ಕಾಡಿನ ಅಂಚಿನಲ್ಲಿ ಇನ್ನೊಂದು. ಬಸ್ಸು ಎಲ್ಲಿ ಇಳಿಸುತ್ತದೋ ಅಲ್ಲಿಂದ ಕಾಲು. ಕಾಲಿಗೆ ರಕ್ತ ಹೀರುವ ಇಂಬಳ. ಅದರ ವಿಷಯ ಎಲ್ಲರೂ ಬರೆಯುತ್ತಾರೆ, ನಾನು ಬರೆಯುವುದಿಲ್ಲ.

ಮೊನ್ನೆ ಬಂದ ಹುಡುಗಿಯರಲ್ಲಿ ಒಬ್ಬಳು ಕೇಳಿದಳು, "ಅಜ್ಜಿ, ನೀವು ಸೈತಾನನ ಜೊತೆ ಯುದ್ಧ ಮಾಡಿದ್ದು ಹೇಳಿ." ಕಣ್ಣು ಅರಳಿಸಿಕೊಂಡು ಕೂತಿದ್ದಳು. ಕೂಗಾಟ, ಹೊರಳಾಟ, ಬಾಯಲ್ಲಿ ನೊರೆ, ಇವು ಬೇಕಿದ್ದವು ಅವಳಿಗೆ. ಅಂಥದನ್ನು ನಾನು ಕಂಡದ್ದು ಕಡಿಮೆ. ಯುದ್ಧ ಇದ್ದದ್ದು ನಿಜ, ಈಗಲೂ ಇದೆ. ಆದರೆ ಅದು ನಡೆಯುತ್ತಿದ್ದದ್ದು ಅಡಿಗೆಮನೆಯಲ್ಲಿ, ಅಕ್ಕಿ ಆರಿಸುತ್ತ ಕೂತ ಹೆಂಗಸಿನ ತಲೆಯೊಳಗೆ. ಪಕ್ಕದಲ್ಲಿ ಕೂತು ಅದೇ ಮೊರಕ್ಕೆ ಕೈ ಹಾಕಿದವಳಿಗೂ ಅದು ಕೇಳಿಸುವುದಿಲ್ಲ.

ನನಗೆ ಕೆಲಸ ಕಲಿಸಿದವರು ಹನ್ನಮ್ಮ, ನನಗಿಂತ ಹಿರಿಯ ಬೈಬಲಮ್ಮ. ದಪ್ಪ ಶರೀರ, ಒರಟು ನಾಲಿಗೆ. ಅವರು ಕಲಿಸಿದ ಮೊದಲ ಪಾಠ, ಯಾರ ಮನೆಗೆ ಹೋದರೂ "ಏನು ಪಾಪ ಮಾಡಿದೆ" ಎಂದು ಕೇಳುವ ಮೊದಲು "ಊಟ ಮಾಡಿದ್ಯಾ, ನಿದ್ದೆ ಬಂತಾ" ಎಂದು ಕೇಳಬೇಕು. ನಾನು ಆಗ ಹೊಸಬಳು, ಹುರುಪು ಜಾಸ್ತಿ. ಅರಳಸುರಳಿ ಹತ್ತಿರದ ಒಂದು ಮನೆಯಲ್ಲಿ ಹೆಂಗಸೊಬ್ಬಳು ಕೆನ್ನೆ ಹಿಡಿದುಕೊಂಡು ನರಳುತ್ತಿದ್ದಳು, ಮಾತಾಡಿಸಿದರೆ ತಲೆ ಆಡಿಸುತ್ತಿದ್ದಳು. ನಾನು ಊಟ ನಿದ್ದೆ ಏನೂ ಕೇಳಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟು ಸೈತಾನನಿಗೆ ಒಂದು ಗಳಿಗೆ ಬಿಡುವು ಕೊಡದೆ ಬೈದೆ. ಬೈದಷ್ಟೂ ನರಳಿದಳು. ನರಳಿದಷ್ಟೂ ಬೈದೆ. ಕೊನೆಗೆ ಅವಳೇ ನನ್ನ ಕೈ ತಳ್ಳಿ ಬಾಯಿ ಬಿಟ್ಟು ತೋರಿಸಿದಳು. ದವಡೆ ಹಲ್ಲು ಹುಳುಕು ಹಿಡಿದು ಕೀವು ತುಂಬಿತ್ತು.

"ನೀವು ಅವನನ್ನ ಗದರಿದಾಗೆಲ್ಲ ನನ್ ಹಲ್ಲು ಜುಂ ಅಂತಿತ್ತು ಅಮ್ಮ," ಎಂದಳು ಪಾಪ.

ಹನ್ನಮ್ಮನಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನೇ ಲೇಯಾ, ಸೈತಾನನಿಗೆ ಹಲ್ಲು ಕೀಳೋ ಕೆಲಸ ಕೊಟ್ಯಾ? ಅವನಿಗೆ ಇರೋ ಕೆಲಸವೇ ಸಾಕಾಗಿದೆ ಮಾರಾಯ್ತಿ." ಎಷ್ಟೋ ವರ್ಷ ನನ್ನನ್ನು ಹಲ್ಲಿನ ಡಾಕ್ಟ್ರು ಎಂದೇ ಕರೆದರು. ಬಸ್ಸಿನಲ್ಲಿ, ಎಲ್ಲರೆದುರು.

ಎರಡನೆಯ ಪಾಠ ಕಲಿತದ್ದು ಕವಲೇದುರ್ಗದ ಬುಡದ ಒಂದು ಮನೆಯಲ್ಲಿ. ಅಲ್ಲಿ ಒಬ್ಬ ಮುದುಕಿ. ಒಂದು ಹಿತ್ತಾಳೆ ಹಂಡೆಯ ವಿಷಯಕ್ಕೆ ಅಕ್ಕನ ಜೊತೆ ಜಗಳವಾಡಿ ಮಾತು ಬಿಟ್ಟಿದ್ದಳು. ಅಕ್ಕ ಸತ್ತುಹೋದಳು. ಅವತ್ತಿನಿಂದ ಮನಸ್ಸಿನೊಳಗೆ ಒಂದೇ ಕಾಟ, ನೀನು ಮಾಡಿದ್ದು ತಪ್ಪು, ನೀನು ಮಾಡಿದ್ದು ತಪ್ಪು. ನಾನು ಅದು ಸೈತಾನನ ಕಾಟವೆಂದು ಪ್ರಾರ್ಥನೆಗೆ ಮಂಡಿಯೂರಲು ಹೊರಟೆ. ಹನ್ನಮ್ಮ ನನ್ನ ಸೆರಗು ಹಿಡಿದು ಎಳೆದು ಕೂರಿಸಿದರು.

"ಹಂಡೆ ಎಲ್ಲಿದೆ?" ಎಂದು ಮುದುಕಿಯನ್ನು ಕೇಳಿದರು.

"ಬಚ್ಚಲಲ್ಲಿ."

"ಅಕ್ಕನ ಮಗಳು ಇದ್ದಾಳಲ್ಲ, ಅವಳಿಗೆ ಕೊಟ್ಟು ತಪ್ಪಾಯ್ತು ಅಂತ ಹೇಳಿ ಬಾ. ಹೇಳಿದ ಮೇಲೂ ತಲೆ ಒಳಗೆ ಕೂಗಿದ್ರೆ ಆಗ ನಮ್ಮನ್ನ ಕರಿ."

ಮುದುಕಿ ಹಂಡೆ ಹೊರಿಸಿಕೊಂಡು ಹೋಗಿ ಕೊಟ್ಟು ಬಂದಳು. ಆಮೇಲೆ ನಮ್ಮನ್ನು ಕರೆಯಲಿಲ್ಲ. ವಾಪಸು ಬರುವಾಗ ಹನ್ನಮ್ಮ ಹೇಳಿದ್ದನ್ನು ನಾನು ಮರೆತಿಲ್ಲ. ಮನಸ್ಸಿನೊಳಗೆ ಬೈಯುವವರು ಇಬ್ಬರು. ಕರ್ತನಾದ ಯೇಸು ಬೈದರೆ ದಾರಿ ತೋರಿಸಿ ಬೈಯುತ್ತಾನೆ: ಹೋಗು, ಕೊಡು, ಕೇಳಿಕೋ. ಇನ್ನೊಬ್ಬನು ದಾರಿ ಮುಚ್ಚಿ ಬೈಯುತ್ತಾನೆ: ನಿನ್ನ ಕಥೆ ಮುಗಿಯಿತು. ಯಾರ ದನಿ ಎಂದು ಗುರುತಿಸುವ ತನಕ ಬಾಯಿ ಮುಚ್ಚಿಕೊಂಡು ಕೂತಿರು. ಹುಡುಗಿಯರೇ, ಈ ಕೆಲಸದಲ್ಲಿ ಕಲಿಯಬೇಕಾದದ್ದು ಮುಖ್ಯವಾಗಿ ಇಷ್ಟೇ. ಉಳಿದದ್ದು ಬಸ್ಸಿನ ಟೈಮು.

ಈಗ ಕರುಣಾಳ ವಿಷಯಕ್ಕೆ ಬರುತ್ತೇನೆ. ಇದಕ್ಕಾಗಿಯೇ ಬರೆಯಲು ಒಪ್ಪಿದ್ದು.

ಕರುಣಾ ಹೊಸನಗರದಲ್ಲಿ ಸಾಮಿಲ್ಲಿನ ಕೆಲಸಗಾರ ಪ್ರಭುದಾಸನ ಹೆಂಡತಿ. ಚಿಕ್ಕ ವಯಸ್ಸು, ಮೊದಲನೇ ಬಾಣಂತನ. ಅವಳ ತಂದೆ ಅಣೆಕಟ್ಟಿನಲ್ಲಿ ಕಲ್ಲು ಒಡೆಯುವವರು. ಮಗಳ ಮದುವೆ ಮಾಡಿ ಬೇರೆ ಯಾವುದೋ ಅಣೆಕಟ್ಟಿನ ಕೆಲಸಕ್ಕೆ ಸಂಸಾರ ಕಟ್ಟಿಕೊಂಡು ಹೊರಟುಹೋಗಿದ್ದರು. ಹೀಗಾಗಿ ಅವಳಿಗೆ ತವರೆಂದು ಹೋಗಲು ಜಾಗವಿರಲಿಲ್ಲ. ನಮ್ಮ ಕಡೆ ಅಷ್ಟು ಚೆನ್ನಾಗಿ ಹಾಡುವವರು ಇನ್ನೊಬ್ಬರು ಇರಲಿಲ್ಲ. ಹೊಸನಗರದಲ್ಲಿ ನಮ್ಮ ದೇವಾಲಯ ಕಟ್ಟಿರಲಿಲ್ಲ, ಬಾಡಿಗೆಯ ಒಂದು ಕೋಣೆಯಲ್ಲಿ ಚಾಪೆ ಹಾಸಿ ಆರಾಧನೆ. ಸಾಗರದಿಂದ ಆಗಿನ ಅಯ್ಯನವರು ತಿಂಗಳಿಗೊಮ್ಮೆ ಬಂದು ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡುತ್ತಿದ್ದರು; ಕರ್ತನ ಮೇಜು ಎನ್ನುವುದೂ ಅದಕ್ಕೇ.

ಅವಳ ಅತ್ತೆ ಮಾರ್ತಮ್ಮ ಒಂದು ದಿನ ನನ್ನನ್ನು ಬಾಗಿಲಲ್ಲೇ ಹಿಡಿದುಕೊಂಡರು.

"ಲೇಯಮ್ಮ, ನನ್ ಸೊಸೆ ಕರ್ತನ ಮೇಜಿಗೆ ಬರೋದು ಬಿಟ್ಟಿದ್ದಾಳೆ, ನೋಡಿದ್ರಾ? ರೊಟ್ಟಿ ಕೊಡೋ ಹೊತ್ತಿಗೆ ಸರಿಯಾಗಿ ಕೂಸು ಎತ್ಕೊಂಡು ಹೊರಗೆ ಹೋಗ್ತಾಳೆ. ಕೂಸು ಅಳ್ತಿರಲ್ಲ, ಇವಳೇ ಚಿವುಟಿ ಅಳಿಸ್ತಾಳೆ."

"ಚಿವುಟದು ನೀವು ನೋಡಿದ್ರಾ?"

"ನೋಡದೆ ಹೇಳ್ತೀನಾ? ಹಾಲೂ ಸರಿಯಾಗಿ ಕೊಡದಿಲ್ಲ. ಕೊಡುವಾಗ ಅಳ್ತಾಳೆ. ಎಂಥದು ಹೊಕ್ಕಿದೆಯೋ ಏನೋ."

ಹಿತ್ತಲಿಗೆ ಹೋದೆ. ಕರುಣಾ ಬೂದಿ ಹಾಕಿ ಪಾತ್ರೆ ತಿಕ್ಕುತ್ತಿದ್ದಳು. ನಾನೂ ಒಂದು ಚೊಂಬು ತೆಗೆದುಕೊಂಡೆ. ಹೆಂಗಸರ ಬಾಯಿ ತೆರೆಯಬೇಕಾದರೆ ಅವರ ಕೈಗೂ ನಿಮ್ಮ ಕೈಗೂ ಕೆಲಸವಿರಬೇಕು. ಎದುರುಬದುರು ಕೂತು ಕಣ್ಣಲ್ಲಿ ಕಣ್ಣಿಟ್ಟರೆ ಯಾರೂ ಏನೂ ಹೇಳುವುದಿಲ್ಲ. ಅವಳ ಕೈಯಿಂದ ಇನ್ನೊಂದು ಪಾತ್ರೆ ತೆಗೆದುಕೊಳ್ಳಲು ಹೋದರೆ ಹಿಂದೆ ಸರಿದಳು.

"ಅಕ್ಕ, ನನ್ನ ಮುಟ್ಟಬೇಡಿ."

"ಯಾಕೆ, ಮಸಿ ಹತ್ತುತ್ತಾ?"

"ನನ್ ತಲೆ ಒಳಗೆ ಬೈಗುಳ ಬರ್ತದೆ."

"ನಂಗೂ ಬರ್ತದೆ. ಆ ತೀರ್ಥಹಳ್ಳಿ ಬಸ್ಸಿನ ಕಂಡಕ್ಟರ್ ಮುಖ ನೋಡಿದ ಕೂಡ್ಲೆ."

ಅವಳು ನಗಲಿಲ್ಲ. "ಕರ್ತನಿಗೆ ಬರ್ತದೆ ಅಕ್ಕ. ಅಯ್ಯನವರು ಕರ್ತನ ಮೇಜಿನ ಪಾತ್ರೆ ಎತ್ತಿದ ಕೂಡ್ಲೆ ಹೇಳಬಾರದ ಮಾತು ಬರ್ತದೆ. ಬೀದಿ ಹೆಂಗಸರೂ ಆಡದಿಲ್ಲ, ಅಂಥಾದ್ದು. ಹಾಡ್ತಾ ಇದ್ರೆ ಹಾಡಿನ ಮಧ್ಯವೇ ಬರ್ತದೆ. ಕ್ಷಮೆ ಇಲ್ಲದ ಪಾಪ ಒಂದಿದೆಯಲ್ಲ, ಅದು ನಾನು ಮಾಡಿ ಆಯ್ತು. ಹಾಲು ಕೊಟ್ರೆ ಕೂಸಿಗೂ ಇಳೀತದೆ. ಹೊಳೆಗೆ ಹೋದಾಗ ಇಲ್ಲೇ ಮುಳುಗಿಬಿಟ್ರೆ ಕೂಸಾದ್ರೂ ಉಳೀತದೆ ಅನ್ನಿಸ್ತದೆ."

ಬೂದಿಯ ಕೈಯಲ್ಲೇ ಅವಳ ರಟ್ಟೆ ಹಿಡಿದುಕೊಂಡೆ. ನನಗೆ ಭಯವಾಗಲಿಲ್ಲ ಎಂದರೆ ಸುಳ್ಳು.

"ಆ ಮಾತನ್ನ ನೀನು ಕರೆದ್ಯಾ?"

"ಇಲ್ಲ."

"ಬಂದಾಗ ಖುಷಿ ಆಗ್ತದಾ?"

"ಅಯ್ಯೋ, ಏನ್ ಕೇಳ್ತೀರಿ ಅಕ್ಕ! ಸತ್ ಹೋಗನಾ ಅನ್ನಿಸ್ತದೆ."

"ಮತ್ತೆ ಅದು ನಿಂದು ಹೆಂಗಾಯ್ತು?"

ಅವರ ಹಿತ್ತಲಿನಲ್ಲಿ ಬಸಳೆ, ಬದನೆ ಹಾಕಿದ್ದರು. ಸುತ್ತ ಬೇಲಿ, ಒಳಗೆ ಹೋಗುವಲ್ಲಿ ದಣಪೆ. ಎರಡು ಕಂಬಕ್ಕೆ ತೂತು ಕೊರೆದು ಬಿದಿರಿನ ಗಳ ಅಡ್ಡ ತೂರಿಸುತ್ತೇವಲ್ಲ, ಅದು. ಆಚೆಗೆ ಯಾರದೋ ದನ ನಿಂತು ಬಸಳೆ ನೋಡಿ ಕೂಗುತ್ತಿತ್ತು. ನಾನು ಅದನ್ನೇ ತೋರಿಸಿದೆ.

"ಅದು ಹೊರಗೆ ನಿಂತು ಕೂಗಿದ್ರೆ ನಿನ್ ಬಸಳೆ ಮೇಯ್ದಂಗಾಯ್ತಾ?"

"ಇಲ್ಲ."

"ಯಾಕೆ ಕೂಗ್ತಿ ಅಂತ ಅದರ ಹತ್ರ ಹೋಗಿ ಜಗಳ ತೆಗೀತೀಯಾ?"

"ಇಲ್ಲ."

"ದಣಪೆ ತೆಗೆದು ಒಳಗೆ ಬಿಟ್ಟವರದ್ದು ತಪ್ಪು. ಕೂಗು ಕೇಳಿಸಿದವರದ್ದಲ್ಲ. ಕರ್ತನಿಗೇ ಅಡವಿಯಲ್ಲಿ ಸೈತಾನ ಕಿವಿಗೆ ಬಾಯಿಟ್ಟು ಹೇಳಲಿಲ್ವಾ? ಆ ಮಾತು ಕರ್ತನ ಕಿವಿಗೆ ಬಿತ್ತು. ಬಿತ್ತು ಅಂತ ಕರ್ತ ಪಾಪಿ ಆದ್ನಾ?"

ಅವಳು ಪಾತ್ರೆ ಕೆಳಗಿಟ್ಟು ನನ್ನನ್ನೇ ನೋಡಿದಳು. ಇದನ್ನು ಯಾರೂ ಅವಳಿಗೆ ಹೇಳಿರಲಿಲ್ಲ.

ಅವತ್ತು ಅವಳಿಗೆ ಒಂದು ಕೆಲಸ ಕೊಟ್ಟು ಬಂದೆ. ಆ ಮಾತು ಬಂದಾಗ ಬೆಚ್ಚಬೇಡ, ಅದಕ್ಕೆ ಉತ್ತರ ಕೊಡಬೇಡ, ಅಳಿಸಲೆಂದು ಮತ್ತೆ ಮತ್ತೆ ಪ್ರಾರ್ಥನೆ ಮಾಡಬೇಡ. "ಬಂತು" ಎಂದುಕೊಂಡು ಕೈಯಲ್ಲಿರುವ ಕೆಲಸ ಮುಂದುವರಿಸು. ಮಾರ್ತಮ್ಮನಿಗೂ ಹೇಳಿದೆ: ಹೊಳೆಗೆ ಒಬ್ಬಳನ್ನೇ ಕಳಿಸಬೇಡಿ. ಹೊಟ್ಟೆ ತುಂಬ ಹಾಕಿ. ಕೂಸನ್ನು ಸ್ವಲ್ಪ ಹೊತ್ತು ನೀವು ಎತ್ತಿಕೊಂಡು ಅವಳನ್ನು ಮಲಗಿಸಿ. ಮಾರ್ತಮ್ಮ, "ನಮ್ ಕಾಲದಲ್ಲಿ ಯಾರು ನಮ್ಮನ್ನ ಮಲಗಿಸಿದ್ರು," ಎಂದರು. ಆದರೆ ಮಲಗಿಸಿದರು.

ಈ ವಿಷಯ ಅಯ್ಯನವರ ಕಿವಿಗೆ ಹೋಯಿತು. ಅವರು ಹೊಸದಾಗಿ ಬಂದವರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಒಳ್ಳೆಯವರು, ಆದರೆ ಅವಸರದವರು. "ಲೇಯಮ್ಮ, ಪ್ರಾರ್ಥನೆ ಮಾಡಬೇಡ ಅಂದ್ರಂತೆ ನೀವು?"

"ಮಾಡು ಅಂತಲೇ ಅಂದೆ. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ, ಕರ್ತನ ಜೊತೆ. ಸೈತಾನ ಚಪ್ಪಾಳೆ ಹೊಡೆದಾಗೆಲ್ಲ ಎದ್ದು ಓಡಬೇಡ ಅಂದೆ. ಹಾಗೆ ಓಡಿದ್ರೆ ಅವಳಿಗೆ ಒಡೆಯ ಯಾರು, ಕರ್ತನಾ ಅವನಾ?"

ಅಯ್ಯನವರು ಯೋಚನೆ ಮಾಡುತ್ತೇನೆ ಎಂದರು. ಮಾಡಿದರೋ ಇಲ್ಲವೋ.

ಮೂರು ನಾಲ್ಕು ತಿಂಗಳಲ್ಲಿ ಕರುಣಾ ಗೆಲುವಾದಳು. ಒಲೆ ಮುಂದೆ ಕೂತು ಹಾಡುವುದು ಬೀದಿಗೆ ಕೇಳಿಸುತ್ತಿತ್ತು. ಕೂಸಿಗೆ ಕೆನ್ನೆ ಬಂತು. ಹೇಗಿದೆ ಎಂದು ಕೇಳಿದರೆ, "ಬರ್ತದೆ ಅಕ್ಕ. ಮೊದಲಿನಷ್ಟು ಹೊತ್ತು ನಿಲ್ಲದಿಲ್ಲ," ಎನ್ನುತ್ತಿದ್ದಳು. ಕರ್ತನ ಮೇಜಿಗೆ ಮಾತ್ರ ಇನ್ನೂ ಬಂದಿರಲಿಲ್ಲ. ಮುಂದಿನ ತಿಂಗಳು, ಮುಂದಿನ ತಿಂಗಳು ಎನ್ನುತ್ತಿದ್ದಳು. ನಾನು ಒತ್ತಾಯ ಮಾಡಲಿಲ್ಲ.

ಅಷ್ಟರಲ್ಲಿ ಸಾಗರದಲ್ಲಿ ಸುಗ್ಗಿ ಸ್ತೋತ್ರದ ಹಬ್ಬ ಬಂತು. ಮೂರೂ ತಾಲ್ಲೂಕಿನವರು ಸೇರುವ ದಿನ. ಹೊಸ ಅಕ್ಕಿ, ಬಾಳೆಗೊನೆ, ಚೀನಿಕಾಯಿ, ಕಾಲು ಕಟ್ಟಿದ ಕೋಳಿ ಎಲ್ಲ ದೇವಾಲಯಕ್ಕೆ ತಂದಿಟ್ಟು, ಆರಾಧನೆ ಮುಗಿದ ಮೇಲೆ ಹರಾಜು ಹಾಕುತ್ತೇವೆ. ಹರಾಜಿಗೆ ಮೊದಲು ಸಾಕ್ಷಿ ಹೇಳುವುದು. ಕರ್ತನು ತಮಗೆ ಏನು ಮಾಡಿದ್ದಾನೆಂದು ಒಬ್ಬೊಬ್ಬರೇ ಎದ್ದು ನಿಂತು ಎಲ್ಲರೆದುರು ಹೇಳುತ್ತಾರೆ. ಒಳ್ಳೆಯ ಪದ್ಧತಿ. ನಾನು ಬೇಡವೆನ್ನುವುದಿಲ್ಲ. ತಾನಾಗಿ ಎದ್ದವರಿಗೆ ಅದು ಒಳ್ಳೆಯದೇ.

ಅಯ್ಯನವರು ಕರುಣಾಳನ್ನು ಕೇಳದೆ ಘೋಷಣೆ ಮಾಡಿಬಿಟ್ಟರು. "ಹೊಸನಗರದ ನಮ್ಮ ಸಹೋದರಿ ಕರುಣಾ, ಕರ್ತನು ತಮಗೆ ಕೊಟ್ಟ ಜಯವನ್ನು ಈಗ ಹೇಳುತ್ತಾರೆ."

ನಾನು ಬಾಗಿಲ ಹತ್ತಿರ ಕೋಳಿಗಳ ಕಾವಲಿಗೆ ಕೂತಿದ್ದೆ. ಅವಳು ಎದ್ದು ನಿಂತಳು. ಎಲ್ಲರೂ ನಗುನಗುತ್ತ ತಿರುಗಿ ನೋಡುತ್ತಿದ್ದಾರೆ. ಅಯ್ಯನವರು ತಲೆಯಾಡಿಸಿ ಧೈರ್ಯ ಹೇಳುತ್ತಿದ್ದಾರೆ. ಅಷ್ಟು ಮುಖಗಳ ಎದುರು "ಪರವಾಗಿಲ್ಲ, ಈಗ ಸ್ವಲ್ಪ ಕಡಿಮೆ ಇದೆ" ಎಂದು ಯಾರು ಹೇಳುತ್ತಾರೆ? ಸಾಕ್ಷಿಯಲ್ಲಿ ಎಲ್ಲರೂ ಹೇಳುವ ಮಾತನ್ನೇ ಅವಳೂ ಹೇಳಿದಳು.

"ಸೈತಾನ ನನ್ ಮನಸ್ಸಿಗೆ ಬಹಳ ಕಾಟ ಕೊಡ್ತಿದ್ದ. ಕರ್ತನು ಅವನನ್ನ ಪೂರ್ತಿ ಓಡಿಸಿದ್ದಾನೆ. ಈಗ ಏನೂ ಬರಲ್ಲ."

ಹಲ್ಲೆಲೂಯಾ ಎಂದು ಸಭೆಯೆಲ್ಲ ಕೂಗಿತು. ಕೋಳಿಗಳೂ ಕೂಗಿದವು. ಅವಳು ಕೂರುವಾಗ ನನ್ನ ಕಡೆ ನೋಡಿದಳು. ಆ ನೋಟ ನನಗೆ ಸರಿ ಕಾಣಲಿಲ್ಲ.

ಹೊಸನಗರಕ್ಕೆ ವಾಪಸು ಹೋಗುವ ಬಸ್ಸಿನಲ್ಲೇ ಅದು ಬಂತಂತೆ. ಇಷ್ಟು ದಿನ ಬರಿಯ ಬೈಗುಳ. ಈಗ ಅದರ ಜೊತೆಗೆ ಇನ್ನೊಂದು: ದೇವರ ಮನೆಯಲ್ಲಿ ನಿಂತು ಸುಳ್ಳು ಸಾಕ್ಷಿ ಹೇಳಿದವಳು ನೀನು. ಸೈತಾನನಿಗೆ ಹೊಸ ಕೋಲು ನಾವೇ ಕೆತ್ತಿ ಕೊಟ್ಟಿದ್ದೆವು. ಬಂತು ಎಂದು ಯಾರಿಗಾದರೂ ಹೇಳೋಣವೆಂದರೆ ಹೇಳುವ ಹಾಗಿಲ್ಲ, ಅವಳಿಗೆ ಪೂರ್ತಿ ಹೋಗಿದೆಯಲ್ಲ! ಅದರ ಮೇಲೆ ಆಚೀಚೆ ಮನೆಯವರು ಬಂದು, ನೀನು ಗೆದ್ದವಳು, ನಮಗೂ ಪ್ರಾರ್ಥನೆ ಮಾಡು ಎನ್ನುತ್ತಿದ್ದರಂತೆ. ಕರುಣಾ ಊಟ ಬಿಟ್ಟಳು.

ನಾನು ಆ ದಿನಗಳಲ್ಲಿ ತೀರ್ಥಹಳ್ಳಿ ಕಡೆಯ ಮನೆಗಳಿಗೆ ಹೋಗಿದ್ದೆ. ಹೊಸನಗರಕ್ಕೆ ಬರುವಷ್ಟರಲ್ಲಿ ಮಾರ್ತಮ್ಮ ಬಯಲುಸೀಮೆ ಕಡೆಯ ಒಬ್ಬ ಬೋಧಕರನ್ನು ಕರೆಸಿಯಾಗಿತ್ತು. ಊರೂರು ತಿರುಗಿ ಕೂಟ ಮಾಡುವವರು, ದೊಡ್ಡ ದನಿ, ಹೊಳೆಯುವ ಬೂಟು. ಬಿಟ್ಟುಹೋದ ದೆವ್ವ ತನ್ನ ಜೊತೆ ಇನ್ನಷ್ಟು ದೆವ್ವಗಳನ್ನು ಕರೆದುಕೊಂಡು ಬಂದಿದೆ, ಮೂರು ದಿನ ಅನ್ನ ನೀರು ಕೊಡಬಾರದು, ಕೂಸನ್ನು ಹತ್ತಿರ ಬಿಡಬಾರದು, ಬಾಯಿ ಬಿಡುವ ತನಕ ಹೊಡೆಯಬೇಕು ಎಂದಿದ್ದರು. ಹಸಿ ಹುಣಸೆ ಕೋಲು ಗೋಡೆಗೆ ಒರಗಿಸಿಟ್ಟಿತ್ತು. ಅಯ್ಯನವರೂ ಬಂದು ಬೆಂಚಿನ ಮೇಲೆ ಕೂತಿದ್ದರು. ಒಳಕೋಣೆಯಲ್ಲಿ ಕೂಸು ಹಸಿದು ಕಿರುಚುತ್ತಿತ್ತು. ಕರುಣಾ ನಡುಮನೆಯಲ್ಲಿ ಗೋಡೆಗೆ ತಲೆ ಆನಿಸಿ ಕೂತಿದ್ದಳು. ಅವಳ ರವಿಕೆ ಹಾಲಿಗೆ ಒದ್ದೆಯಾಗಿತ್ತು.

ಅದನ್ನು ನೋಡಿ ನನಗೆ ಬಂದ ಸಿಟ್ಟು ಈಗಲೂ ಇಳಿದಿಲ್ಲ. ಇಳಿಯುವುದು ಬೇಡ.

ಸೀದಾ ಅಡಿಗೆಮನೆಗೆ ಹೋಗಿ, ಒಲೆ ಮೇಲಿದ್ದ ಗಂಜಿ ಬಸಿದು, ಉಪ್ಪು ಹಾಕಿ ತಂದು ಅವಳ ಮುಂದೆ ಕೂತೆ.

"ತಾಯಿ, ನೀವು ಆತ್ಮಿಕ ಯುದ್ಧಕ್ಕೆ ಅಡ್ಡ ಬರ್ತಾ ಇದ್ದೀರಿ," ಎಂದರು ಬೋಧಕರು.

"ಹೌದು, ಅಡ್ಡ ಬಂದಿದ್ದೀನಿ. ನನ್ನ ಕೆಲಸವೇ ಅದು."

"ನಿಮ್ಮಲ್ಲಿ ನಂಬಿಕೆ ಕಡಿಮೆ."

"ಇರಬಹುದು. ಗಂಜಿ ಬಿಸಿ ಇದೆ."

"ಇವಳೊಳಗೆ ಇರೋದು ಯಾರು ಗೊತ್ತಾ ನಿಮಗೆ?"

"ಗೊತ್ತು. ದೀಕ್ಷಾಸ್ನಾನ ಆದವಳು, ಇವಳೊಳಗೆ ಕರ್ತ ಇದ್ದಾನೆ. ಹೊರಗೆ ನಿಂತು ಕೂಗುವವನೊಬ್ಬ ಇದ್ದಾನೆ. ನೀವು ಹೊಡೆಯದು ಯಾರ ಮೈಗೆ, ಸ್ವಲ್ಪ ಯೋಚನೆ ಮಾಡಿ."

ಅಯ್ಯನವರು ಎದ್ದು ನಿಂತರು. "ಲೇಯಮ್ಮ, ಹಿರಿಯರ ಜೊತೆ ಹೀಗೆ ಮಾತಾಡೋದು ಸರಿಯಲ್ಲ. ನಾನು ಮೇಲಿನವರಿಗೆ ಬರೀಬೇಕಾಗುತ್ತೆ."

"ಬರೀರಿ. ಬಾಣಂತಿಗೆ ಗಂಜಿ ಕೊಟ್ಟಳು ಅಂತ ಸರಿಯಾಗಿ ಬರೀರಿ."

ಬರೆದರು ಕೂಡ. ಆಮೇಲೆ ನನಗೆ ಒಂದು ಎಚ್ಚರಿಕೆಯ ಕಾಗದ ಬಂತು. ಅದನ್ನು ಟ್ರಂಕಿನ ತಳಕ್ಕೆ ಹಾಸಿದೆ, ಸೀರೆಗೆ ತುಕ್ಕು ಹತ್ತಬಾರದೆಂದು.

ಅವತ್ತು ನಮ್ಮೆಲ್ಲರ ಬಾಯಿ ಮುಚ್ಚಿಸಿದವನು ಪ್ರಭುದಾಸ. ಅವನು ಮಾತಾಡುವವನೇ ಅಲ್ಲ. ಸಾಮಿಲ್ಲಿನಿಂದ ಹಾಗೇ ಬಂದಿದ್ದ, ತಲೆಯ ತುಂಬ ಮರದ ಪುಡಿ. ಗೋಡೆಗೆ ಒರಗಿಸಿದ್ದ ಕೋಲು ತೆಗೆದುಕೊಂಡ. ಮುರಿಯಲು ನೋಡಿದ. ಹುಣಸೆಯ ಹಸಿ ಕೋಲು, ಬಾಗಿತೇ ಹೊರತು ಮುರಿಯಲಿಲ್ಲ. ಹಾಗೇ ಒಯ್ದು ಬಚ್ಚಲ ಒಲೆಗೆ ತುರುಕಿದ. ಒಳಕೋಣೆಗೆ ಹೋಗಿ ಕೂಸನ್ನು ಎತ್ತಿಕೊಂಡು ಬಂದು ಹೆಂಡತಿಯ ಮಡಿಲಲ್ಲಿ ಹಾಕಿದ.

"ಅವ್ವಾ, ಕೂಸಿಗೆ ಹಸಿವಾಗಿದೆ," ಎಂದ ಮಾರ್ತಮ್ಮನಿಗೆ. ಅಷ್ಟೇ.

ಕೂಸು ಬಾಯಿ ಹಾಕಿತು. ಕರುಣಾ ಬೇಡವೆನ್ನಲಿಲ್ಲ. ನಾನು ಒಂದು ಕಡೆಯಿಂದ ಅವಳಿಗೆ ಗಂಜಿ ಕುಡಿಸಿದೆ. ಬೋಧಕರು ಬೂಟು ಹಾಕಿಕೊಂಡು, ಈ ಮನೆಗೆ ನಾನು ಜವಾಬ್ದಾರನಲ್ಲ ಎಂದು ಹೇಳಿ ಮಧ್ಯಾಹ್ನದ ಬಸ್ಸಿಗೆ ಹೋದರು.

ಮಾರನೆಯ ದಿನ ಅವಳನ್ನು ಸಾಗರದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಲೇಡಿ ಡಾಕ್ಟರು ರಕ್ತ ಕಡಿಮೆಯಿದೆ ಎಂದು ಟಾನಿಕ್ಕು ಬರೆದುಕೊಟ್ಟರು. ಹೆರಿಗೆಯಾದ ಮೇಲೆ ಕೆಲವರಿಗೆ ಮನಸ್ಸು ಹೀಗಾಗುತ್ತದೆ, ಇವಳೊಬ್ಬಳೇ ಅಲ್ಲ ಎಂದರು. ಆ ಕೊನೆಯ ಮಾತು ಟಾನಿಕ್ಕಿಗಿಂತ ಹೆಚ್ಚು ಕೆಲಸ ಮಾಡಿತು. ಆ ಕಾಲದಲ್ಲಿ ನಮ್ಮ ಕಡೆ ಅದಕ್ಕಿಂತ ಹೆಚ್ಚಿಗೆ ಏನೂ ಸಿಗುತ್ತಿರಲಿಲ್ಲ. ಈಗ ಇದಕ್ಕೆಂದೇ ಡಾಕ್ಟರಿದ್ದಾರೆ, ಮಾತ್ರೆಯಿದೆ. ಹುಡುಗಿಯರೇ, ಕರೆದುಕೊಂಡು ಹೋಗಿ. ಮಾತ್ರೆ ತೆಗೆದುಕೊಂಡರೆ ನಂಬಿಕೆ ಇಲ್ಲ ಎಂದ ಹಾಗೆ ಎನ್ನುವವರ ಮಾತು ಕೇಳಬೇಡಿ. ಅವರು ಕನ್ನಡಕ ಹಾಕಿಕೊಂಡೇ ಅದನ್ನು ಹೇಳುತ್ತಿರುತ್ತಾರೆ. ಪ್ರಾರ್ಥನೆಯನ್ನು ಬಸ್ಸಿನಲ್ಲಿ ಕೂತೂ ಮಾಡಬಹುದು.

ವಾಪಸು ಬರುವಾಗ ಕರುಣಾ ಕೇಳಿದಳು, "ಅಕ್ಕ, ಬೈಗುಳ ನಂದಲ್ಲ ಅಂದ್ರಿ. ಸರಿ. ಸಾಕ್ಷಿ ಹೇಳಿದ್ದು ನನ್ ಬಾಯೇ ಅಲ್ವಾ?"

"ಹೌದು, ನಿನ್ ಬಾಯೇ."

ಅವಳ ಮುಖ ಬಿಳಿಚಿತು. ನಾನು ಸಮಾಧಾನಕ್ಕೆ ಸುಳ್ಳು ಹೇಳುತ್ತೇನೆ ಎಂದುಕೊಂಡಿದ್ದಳೋ ಏನೋ.

"ಪೂರ್ತಿ ಅಂದ್ಯಲ್ಲ, ಆ ಒಂದು ಮಾತು ಸುಳ್ಳು. ಅದು ಮುದುಕಿಯ ಹಂಡೆ ಇದ್ದಂಗೆ, ವಾಪಸ್ ಕೊಡಬಹುದು." ಕವಲೇದುರ್ಗದ ಕಥೆ ಹೇಳಿದೆ. ಅವಳು ಕೂಸನ್ನು ಎದೆಗವುಚಿಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತಳು. ಬಸ್ಸು ಇಳಿಯುವಾಗ, "ಎಲ್ಲಿ ಹೇಳಿದ್ನೋ ಅಲ್ಲೇ ವಾಪಸ್ ತಗೋಬೇಕು, ಅಲ್ವಾ?" ಎಂದಳು.

"ಸಾಗರದವರೆಗೆ ಬೇಡ. ನಮ್ ಸಭೆಯಲ್ಲೇ ಸಾಕು. ಯಾರೂ ನಿನ್ನ ಎಬ್ಬಿಸಲ್ಲ. ಏಳಬೇಕು ಅನ್ನಿಸಿದ್ರೆ ಏಳು. ಇಲ್ದಿದ್ರೆ ಮುಂದಿನ ತಿಂಗಳು."

ಅಯ್ಯನವರಿಗೆ ಮೊದಲೇ ತಿಳಿಸಿದೆ. ಅವರಿಗೆ ಇಷ್ಟವಾಗಲಿಲ್ಲ. ಒಂದು ಸಲ ಜಯ ಎಂದು ಹೇಳಿ ಈಗ ಇಲ್ಲವೆಂದರೆ ಉಳಿದವರ ನಂಬಿಕೆ ಅಲ್ಲಾಡುತ್ತದೆ ಎಂದರು. ಅಲ್ಲಾಡಲಿ, ಬೇರಿದ್ದರೆ ನಿಲ್ಲುತ್ತದೆ ಎಂದೆ.

ಆ ತಿಂಗಳು ಅಯ್ಯನವರು ಬಂದ ಭಾನುವಾರ ಬಾಡಿಗೆ ಕೋಣೆ ತುಂಬಿತ್ತು. ಬೋಧಕರನ್ನು ಓಡಿಸಿದ ಮನೆಯವರನ್ನು ನೋಡಲು ಬಂದವರೂ ಇದ್ದರು. ಅಯ್ಯನವರು ರೊಟ್ಟಿಗಾಗಿ ಪ್ರಾರ್ಥನೆ ಮಾಡಿ ತಟ್ಟೆ ಎತ್ತಿದರು. ಆ ಹೊತ್ತಿಗೆ ಕರುಣಾ ಎದ್ದಳು. ಕೂಸನ್ನು ನನ್ನ ಕೈಗೆ ಕೊಟ್ಟಳು. ಹೊರಗೆ ಹೋಗುತ್ತಾಳೆ ಎಂದು ಬಾಗಿಲ ಬಳಿ ಕೂತವರು ಕಾಲು ಮಡಚಿ ದಾರಿ ಬಿಟ್ಟರು. ಅವಳು ಹೋಗಲಿಲ್ಲ.

"ಅವತ್ತು ಸಾಗರದಲ್ಲಿ ಪೂರ್ತಿ ಹೋಗಿದೆ ಅಂದೆ. ಪೂರ್ತಿ ಹೋಗಿಲ್ಲ," ಎಂದಳು. ದನಿ ಸಣ್ಣಗಿತ್ತು, ಆದರೆ ಹಾಡುವವಳಲ್ಲವೇ, ಎಲ್ಲರಿಗೂ ಕೇಳಿಸಿತು. "ಈಗ ನಿಮ್ ಎದುರು ನಿಂತಿದ್ದೀನಲ್ಲ, ಈಗಲೂ ತಲೆ ಒಳಗೆ ಬೈತಾ ಇದೆ. ಬೈಲಿ. ಅದಕ್ಕೆ ಹೆದರಿ ಎಷ್ಟೋ ತಿಂಗಳು ಹೊರಗೆ ಕೂತೆ. ಇನ್ನು ಕೂರಲ್ಲ. ಅದು ಬೈತಿದ್ರೂ ನಾನು ಕರ್ತನ ಮೇಜಿಗೆ ಬರ್ತೀನಿ."

ಯಾರೂ ಹಲ್ಲೆಲೂಯಾ ಎನ್ನಲಿಲ್ಲ. ಅವಳು ಚಾಪೆಗಳ ಮಧ್ಯೆ ನಡೆದು ಹೋಗಿ ಅಯ್ಯನವರ ಮುಂದೆ ಮಂಡಿಯೂರಿ ಕೈ ಚಾಚಿದಳು. ಅಯ್ಯನವರು ತಟ್ಟೆ ಹಿಡಿದುಕೊಂಡು ಸುಮ್ಮನೆ ನಿಂತರು. ಕೊಡಬೇಕೋ ಬೇಡವೋ ತಿಳಿಯುತ್ತಿರಲಿಲ್ಲ ಅವರಿಗೆ. ಅವರು ಇಲ್ಲವೆಂದರೆ ಈ ಹುಡುಗಿ ಇಲ್ಲಿಂದ ಎದ್ದು ಎಲ್ಲಿಗೆ ಹೋಗುತ್ತಾಳೆಂದು ನನಗೆ ಗೊತ್ತಿತ್ತು.

ಹೆಂಗಸರ ಸಾಲಿನಲ್ಲಿ ಮಾರ್ತಮ್ಮ ಮೊಣಕಾಲು ಹಿಡಿದುಕೊಂಡು ಎದ್ದರು. ಸೊಸೆಯ ಪಕ್ಕಕ್ಕೆ ಹೋಗಿ ಕಷ್ಟಪಟ್ಟು ಮಂಡಿಯೂರಿದರು.

"ಕೊಡಿ ಅಯ್ಯನವರೇ," ಎಂದರು. "ನಂಗೂ ಬರ್ತದೆ. ಇವಳ ಗಂಡ ಹುಟ್ಟಿದಾಗಿಂದ ಬರ್ತದೆ. ನಾನು ಯಾರಿಗೂ ಹೇಳಿಲ್ಲ, ಅಷ್ಟೇ."

ಕರುಣಾ ತಿರುಗಿ ಅತ್ತೆಯನ್ನು ನೋಡಿದಳು. ಮಾರ್ತಮ್ಮ ನೋಡಲಿಲ್ಲ. ಕೈ ಚಾಚಿಕೊಂಡು ಮುಂದಕ್ಕೇ ನೋಡುತ್ತಿದ್ದರು, ಜಗಳಕ್ಕೆ ನಿಂತವರ ಹಾಗೆ.

ಅಯ್ಯನವರು ತಟ್ಟೆ ಕೆಳಗಿಳಿಸಿದರು. ರೊಟ್ಟಿ ಮುರಿದು ಸೊಸೆಗೆ ಕೊಟ್ಟರು, ಆಮೇಲೆ ಅತ್ತೆಗೆ. ಹಿಂದಿನಿಂದ ಇನ್ನೊಬ್ಬರು ಎದ್ದರು, ವರ್ಷಗಟ್ಟಲೆ ಮೇಜಿಗೆ ಬಾರದೆ ಗೋಡೆಗೆ ಒರಗಿ ಕೂರುತ್ತಿದ್ದ ಹೆಂಗಸು. ಆಮೇಲೆ ಗಂಡಸರ ಕಡೆಯಿಂದ ಒಬ್ಬರು. ಆಮೇಲೆ ಯಾರು ಯಾರೆಂದು ನಾನು ನೋಡಲಿಲ್ಲ, ಕೂಸು ನನ್ನ ಕನ್ನಡಕಕ್ಕೆ ಕೈ ಹಾಕುತ್ತಿತ್ತು.

ಅಯ್ಯನವರು ಎಂದಿನ ಜನಕ್ಕೆ ಆಗುವಷ್ಟೇ ರೊಟ್ಟಿ ತಂದಿದ್ದರು. ಸಾಲು ಮುಗಿಯದ್ದು ನೋಡಿ ಚೂರುಗಳನ್ನು ಮತ್ತೆ ಚೂರು ಮಾಡತೊಡಗಿದರು. ಕೊನೆಯಲ್ಲಿ ಹೋದ ನನಗೆ ಸಿಕ್ಕಿದ್ದು ಉಗುರಿನಷ್ಟು.